ಪುಕ್ಕಟೆ ಕುದುರೆಯ ಬೆಲೆ

ರೇಸಿನಲ್ಲಿ ಹಣ ಕಳೆದುಕೊಂಡವನನ್ನು ಕನ್ನಡದಲ್ಲಿ ‘ಕುದುರೆ ಬಾಲಕ್ಕೆ ಕಟ್ಟಿದ’ ಎನ್ನುತ್ತಾರೆ. ಹೋದ ದುಡ್ಡು, ಹಾಳಾದ ಮನೆ ಎಲ್ಲಕ್ಕೂ ಆ ಮಾತಿನಲ್ಲಿ ಜಾಗವಿದೆ. ಬಾಲದ ಮುಂದಿದ್ದ ಕುದುರೆ ಆಮೇಲೆ ಏನಾಯಿತು ಎಂದು ಮಾತ್ರ ಯಾರೂ ಕೇಳಿದಂತಿಲ್ಲ.

ರೇಸಿನ ಥರೋಬ್ರೆಡ್ ಕುದುರೆ ಎರಡು-ಮೂರು ವರ್ಷಕ್ಕೇ ಓಟಕ್ಕಿಳಿಯುತ್ತದೆ. ಐದಾರು ವರ್ಷಕ್ಕೆ ಎಷ್ಟೋ ಕುದುರೆಗಳ ಓಟ ಮುಗಿದೇ ಹೋಗಿರುತ್ತದೆ. ಚೆನ್ನಾಗಿ ನೋಡಿಕೊಂಡರೆ ಅದು ಇಪ್ಪತ್ತೈದು ವರ್ಷ ಬದುಕಬಲ್ಲ ಪ್ರಾಣಿ. ದೊಡ್ಡ ರೇಸು ಗೆದ್ದ ಕೆಲವು ಗಂಡು ಕುದುರೆಗಳು, ಒಳ್ಳೆ ವಂಶದ ಹೆಣ್ಣು ಕುದುರೆಗಳು ತಳಿಗಾಗಿ ಸ್ಟಡ್ ಫಾರಂಗೆ ಹೋಗುತ್ತವೆ. ಉಳಿದವಕ್ಕೆ ‘ರಿಟೈರ್ಡ್’ ಎಂಬ ಪಟ್ಟ. ನಿವೃತ್ತಿ ಎಂದ ಕೂಡಲೇ ನಮಗೆ ಪಿಂಚಣಿ, ಗ್ರಾಚ್ಯುಟಿ, ಕೊನೆಯ ದಿನದ ಶಾಲು-ಹಾರ ನೆನಪಾಗುತ್ತವೆ. ಕುದುರೆಯ ನಿವೃತ್ತಿ ಎಂದರೆ ಲಾಯ ಖಾಲಿ ಮಾಡುವುದು, ಅಷ್ಟೇ. ಗೆಲ್ಲದ ಕುದುರೆಯೂ ಗೆಲ್ಲುವ ಕುದುರೆಯಷ್ಟೇ ತಿನ್ನುತ್ತದಲ್ಲ!

ಈ ಕುದುರೆಗಳ ಲೆಕ್ಕ ಇಡುವುದು ಕಷ್ಟ ಎನ್ನುವ ನೆಪ ನಡೆಯುವುದಿಲ್ಲ. ಭಾರತದಲ್ಲಿ ಹುಟ್ಟುವ ಥರೋಬ್ರೆಡ್ ಮರಿಗಳು ಪುಣೆಯಲ್ಲಿರುವ ಸ್ಟಡ್ ಬುಕ್ಕಿನಲ್ಲಿ ದಾಖಲಾಗುತ್ತವೆ. ಅಪ್ಪ ಯಾರು, ಅಮ್ಮ ಯಾರು ಎಂಬುದಕ್ಕೆ ಡಿಎನ್ಎ ಪರೀಕ್ಷೆ, ಕತ್ತಿನಲ್ಲಿ ಮೈಕ್ರೋಚಿಪ್. ರೇಸಿನ ದಿನ ಮಾರುವ ಪುಸ್ತಕದಲ್ಲಿ ಅದರ ಬಣ್ಣ, ವಯಸ್ಸು, ಹೊರುವ ತೂಕ, ಹಿಂದಿನ ಓಟಗಳ ವಿವರ. ಎಷ್ಟೋ ಮನುಷ್ಯರಿಗಿಲ್ಲದಷ್ಟು ಕಾಗದಪತ್ರ. ಕೊನೆಯ ಓಟದ ಮರುದಿನದಿಂದ ಆ ಕಾಗದಗಳು ಮೌನವಾಗುತ್ತವೆ.

ಮಾಲೀಕರನ್ನು ಕೇಳಿದರೆ ಸಿದ್ಧ ಉತ್ತರವಿದೆ: ‘ಒಳ್ಳೆ ರೈಡಿಂಗ್ ಸ್ಕೂಲಿಗೆ ಪುಕ್ಕಟೆ ಕೊಟ್ಟೆವು.’ ಇದು ಪೂರ್ತಿ ಸುಳ್ಳಲ್ಲ. ಮುಂಬೈ, ಪುಣೆ, ಬೆಂಗಳೂರಿನ ಸವಾರಿ ಶಾಲೆಗಳಲ್ಲಿ, ಪೋಲೊ ಮೈದಾನಗಳಲ್ಲಿ ಹಳೆಯ ರೇಸ್ ಕುದುರೆಗಳು ಇವೆ. ಹಲವು ಚೆನ್ನಾಗಿಯೂ ಇವೆ. ಆದರೆ ‘ಪುಕ್ಕಟೆ’ ಎಂಬ ಮಾತು ಎಷ್ಟನ್ನು ಮುಚ್ಚಿಡುತ್ತದೆ ಎಂಬುದು ಕುದುರೆಯ ಪಕ್ಕ ನಿಂತವರಿಗೇ ಗೊತ್ತು.

ರೇಸ್ ಕುದುರೆಗೆ ಕಲಿಸಿದ್ದು ಒಂದೇ ವಿದ್ಯೆ. ಜಾಕಿಯನ್ನು ಎತ್ತಿ ಕೂರಿಸುವಾಗಲೂ ಅದು ಎಷ್ಟೋ ಸಲ ನಡೆಯುತ್ತಲೇ ಇರುತ್ತದೆ. ಹತ್ತುವವನಿಗಾಗಿ ಅಲ್ಲಾಡದೆ ನಿಲ್ಲುವುದು ಅದಕ್ಕೆ ಹೊಸ ಪಾಠ. ಜಾಕಿ ಗಿಡ್ಡ ರಿಕಾಪುಗಳ ಮೇಲೆ ಎದ್ದು ನಿಂತು ಓಡಿಸುತ್ತಾನೆ, ಬೆನ್ನಿನ ಮೇಲೆ ಭಾರ ಊರಿ ಕೂರುವುದಿಲ್ಲ. ಸವಾರನ ಕಾಲು ಎರಡೂ ಪಕ್ಕೆಗೆ ತಗುಲಿದರೆ ಏನು ಅರ್ಥ ಎಂದು ಅದಕ್ಕೆ ತಿಳಿಯದು. ಎಲ್ಲಕ್ಕಿಂತ ಅಪಾಯದ್ದು ಲಗಾಮಿನ ಭಾಷೆ. ಓಟದಲ್ಲಿ ಲಗಾಮು ಬಿಗಿಯಾದಾಗ ಕಡಿವಾಣದ ಮೇಲೆ ಒರಗಿ ಇನ್ನಷ್ಟು ಜೋರಾಗಿ ಓಡುವುದು ಅದರ ಅಭ್ಯಾಸ. ಭಾನುವಾರದ ಕ್ಲಾಸಿಗೆ ಬಂದ ಹತ್ತು ವರ್ಷದ ಹುಡುಗಿ ಹೆದರಿ ಲಗಾಮು ಎಳೆಯುತ್ತಾಳೆ. ಅವಳು ಹೇಳಿದ್ದು ‘ನಿಲ್ಲು’, ಕುದುರೆಗೆ ಕೇಳಿಸಿದ್ದು ‘ಓಡು’. ಅನುವಾದದ ತಪ್ಪಿಗೆ ಇದಕ್ಕಿಂತ ದುಬಾರಿ ಉದಾಹರಣೆ ಸಿಗಲಿಕ್ಕಿಲ್ಲ.

ಇದನ್ನೆಲ್ಲ ಬಿಡಿಸಿ ಮತ್ತೆ ಕಲಿಸಲು ತಿಂಗಳುಗಳು ಬೇಕು. ಅದಕ್ಕೂ ಮೊದಲು ಕುದುರೆಗೆ ಬರಿದೆ ಮೇಯುವ, ಬೇರೆ ಕುದುರೆಗಳ ಜೊತೆ ತಿರುಗಾಡುವ ರಜೆ ಬೇಕು. ದಿನದ ಬಹುಪಾಲು ಲಾಯದಲ್ಲೇ ಕಳೆದ ಪ್ರಾಣಿ ಅದು. ಕಾಳಿನ ಖಾರದ ಮೇವನ್ನು ಮೆಲ್ಲಗೆ ಇಳಿಸಿ ಹುಲ್ಲಿಗೆ ತರಬೇಕು. ಮುಂಗಾಲಿನ ಟೆಂಡನ್ ಪೆಟ್ಟಾಗಿದ್ದರೆ ವಾಸಿಯಾಗಲಿಕ್ಕೇ ವರ್ಷ ಹಿಡಿದೀತು. ಅಷ್ಟು ದಿನವೂ ದಿನಕ್ಕೆ ಸುಮಾರು ಹತ್ತು ಕಿಲೋ ಹುಲ್ಲು, ಆರು ವಾರಕ್ಕೊಮ್ಮೆ ಲಾಳದವನು, ಸೈಸ್‌ನ ಸಂಬಳ, ಡಾಕ್ಟರ ಬಿಲ್ಲು. ಇಷ್ಟೂ ಖರ್ಚು ಪುಕ್ಕಟೆ ಪಡೆದವನ ತಲೆಯ ಮೇಲೆ. ತಡೆಯಲಾರದ ಶಾಲೆ ಮೂರೇ ವಾರಕ್ಕೆ ಅದರ ಮೇಲೆ ಮಕ್ಕಳನ್ನು ಕೂರಿಸುತ್ತದೆ. ಯಾರೋ ಬೀಳುತ್ತಾರೆ. ಕುದುರೆಗೆ ‘ಹುಚ್ಚು’ ಎಂಬ ಹೆಸರು ಬರುತ್ತದೆ, ಅದು ಇನ್ನೊಬ್ಬರ ಕೈಗೆ ಹೋಗುತ್ತದೆ. ಆ ಕೈಯಿಂದ ಮದುವೆಯ ಬ್ಯಾಂಡು-ಪಟಾಕಿಯ ನಡುವೆಯೋ, ಪ್ರವಾಸಿಗರ ಸಾಲಿಗೋ. ಮೊದಲ ಕೈ ಯಾವಾಗಲೂ ಒಳ್ಳೆಯದೇ. ಮೂರನೆಯದು ಯಾರದು ಎಂದು ಮಾಲೀಕನಿಗೂ ಗೊತ್ತಿರುವುದಿಲ್ಲ, ಕ್ಲಬ್ಬಿಗೂ ಗೊತ್ತಿರುವುದಿಲ್ಲ.

ಇದು ಸೋತ ಕುದುರೆಗಳ ಹಣೆಬರಹ ಮಾತ್ರ ಎಂದುಕೊಳ್ಳಬೇಡಿ. 1986ರ ಕೆಂಟಕಿ ಡರ್ಬಿ ಗೆದ್ದ ಫರ್ಡಿನಂಡ್ ತಳಿಗಾಗಿ ಜಪಾನಿಗೆ ಮಾರಾಟವಾಗಿ, ಅಲ್ಲಿ ಕೈ ಬದಲಾಗಿ, 2002ರಲ್ಲಿ ಕಸಾಯಿಖಾನೆ ಸೇರಿತು. ಸುದ್ದಿ ಹೊರಬಂದಾಗ ಅಮೆರಿಕದ ರೇಸ್ ಜಗತ್ತಿಗೆ ನಾಚಿಕೆಯಾಯಿತು. 2012ರಲ್ಲಿ ಅಲ್ಲಿ ಶುರುವಾದ ಥರೋಬ್ರೆಡ್ ಆಫ್ಟರ್‌ಕೇರ್ ಅಲಯನ್ಸ್, ಇಂಥ ಕುದುರೆಗಳ ಆಶ್ರಯತಾಣಗಳನ್ನು ತಪಾಸಣೆ ಮಾಡಿ ಮಾನ್ಯತೆ, ಹಣ ಕೊಡುತ್ತದೆ. ಬ್ರಿಟನ್ನಿನಲ್ಲಿ 2000ದಿಂದಲೇ ರೇಸ್ ಉದ್ಯಮದ ಸ್ವಂತ ಸಂಸ್ಥೆಯಿದೆ. ಅಲ್ಲೂ ಎಲ್ಲ ಸರಿಯಿಲ್ಲ, ಆದರೆ ಹೊಣೆ ಯಾರದು ಎಂಬ ವಾದ ಮುಗಿದಿದೆ.

ಇಲ್ಲಿ? 2025ರ ಬೇಸಿಗೆಯಲ್ಲಿ ಹೈದರಾಬಾದಿನಿಂದ ಜಬಲ್ಪುರಕ್ಕೆ 57 ಕುದುರೆಗಳನ್ನು ಸಾಗಿಸಲಾಯಿತು. ಕೆಲವೇ ವಾರಗಳಲ್ಲಿ ಒಂದರ ಹಿಂದೊಂದು ಸಾಯತೊಡಗಿ, ವಿಷಯ ಮಧ್ಯಪ್ರದೇಶ ಹೈಕೋರ್ಟ್ ಮುಟ್ಟಿತು. ಇನ್ನು ಕಾನೂನು: 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿ ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ. ಒಂದು ಕಟ್ಟು ಹುಲ್ಲೂ ಬಾರದ ದುಡ್ಡು. ಅದೇ ಉದ್ಯಮ 1996ರಲ್ಲಿ ಸುಪ್ರೀಂ ಕೋರ್ಟಿನಲ್ಲಿ, ರೇಸು ಜೂಜಲ್ಲ, ಕೌಶಲದ ಆಟ ಎಂದು ಗೆದ್ದುಕೊಂಡಿತು. ಆ ಕೌಶಲದಲ್ಲಿ ಕುದುರೆಯ ಪಾಲು ಎಷ್ಟು ಎಂದು ಲೆಕ್ಕ ಹಾಕಿದವರಿಲ್ಲ.

ರೇಸನ್ನೇ ನಿಲ್ಲಿಸಿಬಿಡಿ ಎನ್ನುವವರಿದ್ದಾರೆ. ನಾಳೆ ನಿಲ್ಲಿಸಿದರೆ ನಾಳಿದ್ದು ಲಾಯದಲ್ಲಿರುವ ಕುದುರೆಗಳೆಲ್ಲ ಒಟ್ಟಿಗೇ ‘ಪುಕ್ಕಟೆ’ಯಾಗುತ್ತವೆ. ಮುಂಬೈಯ ಮಹಾಲಕ್ಷ್ಮಿಯ 211 ಎಕರೆಯಲ್ಲಿ 120 ಎಕರೆಯನ್ನು ಉದ್ಯಾನಕ್ಕೆ ಬಿಡುವುದು 2024ರಲ್ಲೇ ತೀರ್ಮಾನವಾಗಿದೆ. ಜಾಗ ಯಾರಿಗೆ ಎಂಬ ಚರ್ಚೆ ಬೇಕಾದಷ್ಟಾಯಿತು, ಕುದುರೆ ಎಲ್ಲಿಗೆ ಎಂಬುದು ಆಗಬೇಕು. ಮರಿಯನ್ನು ಸ್ಟಡ್ ಬುಕ್ಕಿಗೆ ಸೇರಿಸುವ ದಿನವೇ ಅದರ ಮುಪ್ಪಿನ ಠೇವಣಿ ಕಟ್ಟಿಸಿಕೊಳ್ಳಲಿ. ಪ್ರತಿ ಬಹುಮಾನದಿಂದ, ಬೆಟ್ಟಿಂಗ್ ಹಣದಿಂದ ಒಂದು ಪಾಲು ಆ ನಿಧಿಗೆ ಹೋಗಲಿ. ಮರುತರಬೇತಿಯ ಖರ್ಚನ್ನು ಅದೇ ನಿಧಿ ಕೊಡಲಿ. ಕುದುರೆ ಸಾಯುವವರೆಗೂ, ಎಷ್ಟು ಕೈ ಬದಲಾದರೂ, ಮೈಕ್ರೋಚಿಪ್ ನಂಬರಿನ ಮುಂದೆ ಮಾಲೀಕನ ಹೆಸರು ಇರಲಿ. ಕ್ಲಬ್ಬುಗಳು ವರ್ಷಕ್ಕೊಮ್ಮೆ ಆ ಪಟ್ಟಿ ಪ್ರಕಟಿಸಲಿ. ಗಾಲಿ ತಿರುಗಿದ ಲೆಕ್ಕ ಇಡುವಂತೆ ಒಂದೊಂದು ಓಟದ ಲೆಕ್ಕ ಇಟ್ಟವರಿಗೆ ಇದೇನು ಭಾರವಲ್ಲ.

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ: ಈ ಪತ್ರ ಓದುವವರ ಊರುಗಳೆಲ್ಲ ರೇಸ್‌ಕೋರ್ಸ್ ಕಂಡ ಊರುಗಳೇ. ಮಕ್ಕಳನ್ನು ಸವಾರಿ ಕ್ಲಾಸಿಗೆ ಸೇರಿಸುವಾಗ ಹೆಲ್ಮೆಟ್, ಫೀಸು, ಪಾರ್ಕಿಂಗ್ ಎಲ್ಲ ವಿಚಾರಿಸುತ್ತೀರಿ. ಜೊತೆಗೆ ಇಷ್ಟನ್ನೂ ಕೇಳಿ: ಈ ಕುದುರೆ ಎಲ್ಲಿಂದ ಬಂತು? ಎಷ್ಟು ತಿಂಗಳು ಕಲಿಸಿದಿರಿ? ಇದಕ್ಕೆ ವಯಸ್ಸಾದ ಮೇಲೆ ಇಲ್ಲಿಂದ ಎಲ್ಲಿಗೆ ಕಳಿಸುತ್ತೀರಿ?