ಸವೆದ ಬ್ಯಾಟರಿ ಹಾಕಿದರೆ ಗಿಟಾರ್ ಪೆಡಲ್‌ನ ದನಿ ಸುಧಾರಿಸುತ್ತದೆಯೇ?

ಎಲೆಕ್ಟ್ರಿಕ್ ಗಿಟಾರ್ ನುಡಿಸುವವರಲ್ಲಿ ಹಳೆಯ ನಂಬಿಕೆಯೊಂದಿದೆ. ಗಿಟಾರ್ ಮತ್ತು ಆಂಪ್ಲಿಫೈಯರ್ ನಡುವೆ ಜೋಡಿಸುವ ಎಫೆಕ್ಟ್ಸ್ ಪೆಡಲ್‌ಗಳಿಗೆ ಅಡಾಪ್ಟರ್‌ಗಿಂತ 9 ವೋಲ್ಟ್ ಬ್ಯಾಟರಿಯೇ ಚೆನ್ನ. ಅದರಲ್ಲೂ ಅಗ್ಗದ ಕಾರ್ಬನ್-ಜಿಂಕ್ ಬ್ಯಾಟರಿ, ಸಾಧ್ಯವಾದರೆ ಅರ್ಧ ಸವೆದದ್ದು. ಅಮೆರಿಕದ ವಾದಕ ಎರಿಕ್ ಜಾನ್ಸನ್ ಬ್ಯಾಟರಿಯ ಬ್ರ್ಯಾಂಡ್ ಬದಲಾದರೂ ಕಿವಿಯಲ್ಲೇ ಗುರುತಿಸುತ್ತಾರೆ ಎಂಬ ಮಾತು ಈ ವಲಯದಲ್ಲಿ ಪ್ರಸಿದ್ಧ. ಇದರಲ್ಲಿ ನಿಜವೆಷ್ಟು?

ಬ್ಯಾಟರಿಯಿಂದ ಸದ್ದು ಶುಚಿಯಾಗಿರುತ್ತದೆ ಎಂಬುದು ನಿಜವೇ. ನಮ್ಮ ಮನೆಯ ಸಾಕೆಟ್‌ನಲ್ಲಿರುವುದು 50 ಹರ್ಟ್ಸ್‌ನ ಎಸಿ ವಿದ್ಯುತ್. ಕಳಪೆ ಅಡಾಪ್ಟರ್ ಅದನ್ನು ಪೂರ್ತಿ ಸಮ ಮಾಡದಿದ್ದರೆ ಉಳಿದ ಏರಿಳಿತ ಗಿಟಾರಿನ ಸಂಕೇತದೊಳಗೆ ನುಸುಳಿ, ಸ್ಪೀಕರಿನಲ್ಲಿ 'ಗುಂಯ್' ಎನ್ನುತ್ತದೆ. ಬ್ಯಾಟರಿಯಲ್ಲಿ ಆ ಏರಿಳಿತವೇ ಇಲ್ಲ. ಆದರೆ ಒಳ್ಳೆಯ ಅಡಾಪ್ಟರ್ ಇದ್ದರೆ ಈ ತೊಂದರೆ ಅಲ್ಲಿಗೇ ಮುಗಿಯಿತು.

ಇನ್ನು ಸವೆದ ಬ್ಯಾಟರಿಯ ವಿಷಯ. 1966ರಲ್ಲಿ ಲಂಡನ್ನಿನಲ್ಲಿ ಮಾರುಕಟ್ಟೆಗೆ ಬಂದ, ಜಿಮಿ ಹೆಂಡ್ರಿಕ್ಸ್ ಬಳಸಿದ 'ಫಜ್ ಫೇಸ್' ಪೆಡಲ್‌ನಲ್ಲಿ ಇದ್ದದ್ದು ಎರಡೇ ಟ್ರಾನ್ಸಿಸ್ಟರ್. ವೋಲ್ಟೇಜನ್ನು ಸ್ಥಿರವಾಗಿಡುವ ಭಾಗ ಅದರಲ್ಲಿಲ್ಲ. ಬ್ಯಾಟರಿ 9ರಿಂದ 7.5 ವೋಲ್ಟಿಗೆ ಇಳಿದರೆ ಸದ್ದು ಬೇಗ ಒಡೆಯುತ್ತದೆ, ಅದರ ಗುಣವೂ ಬದಲಾಗುತ್ತದೆ. ಇಂಥ ಪೆಡಲ್ ಬಳಸುವವರು ಕೇಳಿಸಿಕೊಂಡದ್ದು ಭ್ರಮೆಯಲ್ಲ.

ಕಾರಣ ಹೇಳುವಾಗ ಮಾತ್ರ ಎಡವುತ್ತಾರೆ. ಕಾರ್ಬನ್-ಜಿಂಕ್ ಬ್ಯಾಟರಿಯ ಒಳರೋಧ ಹೆಚ್ಚು, ಮ್ಯಾಜಿಕ್ ಅದರಲ್ಲಿದೆ ಎನ್ನುತ್ತಾರೆ. ಲೆಕ್ಕ ಹಾಕಿ ನೋಡೋಣ. ಇಂಥ ಪೆಡಲ್ ಎಳೆಯುವ ಕರೆಂಟ್ ಸುಮಾರು 1 ಮಿಲಿಆಂಪ್. ಒಳರೋಧ 40 ಓಮ್ ಎಂದಿಟ್ಟುಕೊಂಡರೂ ಕಳೆದುಹೋಗುವುದು 0.04 ವೋಲ್ಟ್ ಅಷ್ಟೆ! ಕಿವಿಗೆ ಬೀಳುವುದು ಮುಖ್ಯವಾಗಿ ಇಳಿದ ವೋಲ್ಟೇಜ್. ವೋಲ್ಟೇಜ್ ತಗ್ಗಿಸುವ ಗುಂಡಿಯಿರುವ ಪವರ್ ಸಪ್ಲೈ ಕೂಡ ಹೆಚ್ಚುಕಡಿಮೆ ಅದೇ ದನಿ ಕೊಡುತ್ತದೆ.

ಡಿಜಿಟಲ್ ಡಿಲೇ, ರಿವರ್ಬ್‌ಗಳ ಕತೆಯೇ ಬೇರೆ. ಒಳಗಿನ ರೆಗ್ಯುಲೇಟರ್ ವೋಲ್ಟೇಜನ್ನು ಹಿಡಿದಿಡುವುದರಿಂದ ಅವು ಸವೆದ ಬ್ಯಾಟರಿಯಲ್ಲಿ 'ಮಧುರ'ವಾಗುವುದಿಲ್ಲ. ಒಂದು ಹಂತದ ನಂತರ ಸುಮ್ಮನೆ ಕೈಕೊಡುತ್ತವೆ. 9 ವೋಲ್ಟ್ ಆಲ್ಕಲೈನ್ ಬ್ಯಾಟರಿಯ ಒಳಗಿರುವುದು 1.5 ವೋಲ್ಟಿನ ಆರು ಪುಟ್ಟ ಸೆಲ್‌ಗಳು; ಒಟ್ಟು ಸಾಮರ್ಥ್ಯ ಸುಮಾರು 500 ಮಿಲಿಆಂಪ್-ಗಂಟೆ. 1 ಮಿಲಿಆಂಪ್ ಸಾಕೆನ್ನುವ ಫಜ್ ಪೆಡಲ್‌ಗೆ ಅದು ವಾರಗಟ್ಟಲೆ ಬಂದರೆ, 100 ಮಿಲಿಆಂಪ್ ಕುಡಿಯುವ ಡಿಲೇಗೆ ಒಂದು ಕಾರ್ಯಕ್ರಮಕ್ಕೂ ಸಾಲದೆ ಹೋಗಬಹುದು. ವೇದಿಕೆಯ ಮೇಲೆ ಸದ್ದು ನಿಂತಾಗ ಯಾರೂ ಬ್ಯಾಟರಿಯ ರಸಾಯನಶಾಸ್ತ್ರ ಚರ್ಚಿಸುವುದಿಲ್ಲ.

ಪೆಡಲ್ ಆಫ್ ಮಾಡಿದ್ದೆ, ಆದರೂ ಬ್ಯಾಟರಿ ಖಾಲಿಯಾಯಿತು ಎಂಬ ದೂರು ಸಾಮಾನ್ಯ. ಕಾಲಿನಿಂದ ಒತ್ತುವ ಸ್ವಿಚ್ ಹೆಚ್ಚಿನ ಪೆಡಲ್‌ಗಳಲ್ಲಿ ಬ್ಯಾಟರಿಯನ್ನು ಬೇರ್ಪಡಿಸುವುದೇ ಇಲ್ಲ. ಆ ಕೆಲಸ ಮಾಡುವುದು ಇನ್‌ಪುಟ್ ಜ್ಯಾಕ್: ಕೇಬಲ್ ಒಳಗಿದ್ದಷ್ಟು ಹೊತ್ತೂ ಬ್ಯಾಟರಿ ಸೋರುತ್ತಿರುತ್ತದೆ. ನುಡಿಸಿ ಮುಗಿದ ಮೇಲೆ ಕೇಬಲ್ ಕಿತ್ತಿಡಿ.

ಹಳೆಯ ಜರ್ಮೇನಿಯಂ ಫಜ್‌ಗೆ ಬ್ಯಾಟರಿಯನ್ನೇ ಉಳಿಸಿಕೊಳ್ಳಲು ಗಟ್ಟಿಯಾದ ಕಾರಣ ಇನ್ನೊಂದಿದೆ. ಇವುಗಳಲ್ಲಿ ಹಲವಕ್ಕೆ ಪಾಸಿಟಿವ್ ತುದಿಯೇ ಗ್ರೌಂಡ್. ಉಳಿದ ಪೆಡಲ್‌ಗಳಿಗೆ ನೆಗೆಟಿವ್. ಎರಡನ್ನೂ ಒಂದೇ ಅಡಾಪ್ಟರಿನ ಕವಲು ವೈರಿಗೆ ಸಿಕ್ಕಿಸಿದರೆ, ಆಡಿಯೊ ಕೇಬಲ್‌ನ ಗ್ರೌಂಡ್ ಮೂಲಕ ಅಡಾಪ್ಟರ್ ಶಾರ್ಟ್ ಆಗುತ್ತದೆ.

ತೆಗೆದ ಬ್ಯಾಟರಿಯನ್ನು ಗಿಟಾರ್ ಚೀಲದ ಜೇಬಿಗೆ ಹಾಗೆಯೇ ತುರುಕಬೇಡಿ. ಅದರ ಎರಡೂ ತುದಿಗಳು ಒಂದೇ ಬದಿಯಲ್ಲಿವೆ. ಗಿಟಾರ್ ತಂತಿಯೋ ಕೀಲಿಯೋ ಅಡ್ಡ ತಾಗಿದರೆ ಕಾದು ಬೆಂಕಿ ಹತ್ತಿಸಬಲ್ಲದು. ಎಸೆಯುವ ಮೊದಲೂ ತುದಿಗಳಿಗೊಂದು ತುಂಡು ಟೇಪ್ ಅಂಟಿಸಿ.