ಮಾರಾಟಕ್ಕೆ ಒಪ್ಪದ ಆಟಗಾರ

ವರ್ಷಕ್ಕೆ 90,000 ಡಾಲರ್ ಸಂಬಳ. ಎರಡು ಸಲ ರಾಷ್ಟ್ರದ ಅತ್ಯುನ್ನತ ಪಂದ್ಯಮಾಲೆಯಲ್ಲಿ ಗೆಲವು. ತನ್ನ ಸ್ಥಾನದಲ್ಲಿ ತನಗೆ ಸಮಾನರು ವಿರಳವೆಂಬ ಕೀರ್ತಿ. ಇಷ್ಟೆಲ್ಲ ಇದ್ದ ಆಟಗಾರನೊಬ್ಬನು, ತಾನು ಕೊಡುವ-ಕೊಳ್ಳುವ ಸರಕಲ್ಲವೆಂದು ಸಾರಿ ನ್ಯಾಯಾಲಯದ ಮೆಟ್ಟಿಲೇರಿದನು. ಅಲ್ಲಿ ಸೋತನು; ಆಟವನ್ನೂ ಕಳೆದುಕೊಂಡನು. ಆದರೆ ಆತನ ಸೋಲಿನ ಫಲವನ್ನು ಅವನ ನಂತರ ಬಂದವರೆಲ್ಲರೂ ಉಂಡರು. ಅಮೆರಿಕದ ಬೇಸ್‌ಬಾಲ್ ಆಟಗಾರ ಕರ್ಟ್ ಫ್ಲಡ್‌ನ ಕಥೆ ಇದು.

ಕ್ರಿಕೆಟ್ ಬಲ್ಲವರಿಗೆ ಬೇಸ್‌ಬಾಲ್ ತೀರ ಅಪರಿಚಿತವೆನಿಸಲಾರದು. ಪಕ್ಷಕ್ಕೆ ಒಂಬತ್ತು ಮಂದಿ. ಒಬ್ಬನು ಚೆಂಡೆಸೆಯುತ್ತಾನೆ, ಎದುರಾಳಿ ದುಂಡನೆಯ ದಾಂಡಿನಿಂದ ಬಾರಿಸುತ್ತಾನೆ. ಮೂವರು ರಕ್ಷಕರು ದೂರದ ಹುಲ್ಲಿನ ಮೇಲೆ, ಬೌಂಡರಿಯ ಬಳಿ ಕಾಯುವವರಂತೆ ನಿಲ್ಲುತ್ತಾರೆ. ಇವರೇ ಔಟ್‌ಫೀಲ್ಡರುಗಳು. ನಡುವೆ ನಿಲ್ಲುವವನ ಹೊಣೆ ಎಲ್ಲಕ್ಕಿಂತ ದೊಡ್ಡದು. ದಾಂಡಿಗೆ ಚೆಂಡು ತಾಗಿದ ಕ್ಷಣದಲ್ಲೇ ಅದು ಎಲ್ಲಿ ಇಳಿದೀತೆಂದು ಊಹಿಸಿ ಅವನು ಓಡಬೇಕು. ಫ್ಲಡ್ ನಿಂತದ್ದು ಈ ಸ್ಥಾನದಲ್ಲಿ.

ಆತನು ಹುಟ್ಟಿದ್ದು 1938ರ ಜನವರಿ 18ರಂದು, ಟೆಕ್ಸಾಸಿನ ಹೂಸ್ಟನ್ನಿನಲ್ಲಿ. ಬೆಳೆದದ್ದು ಕ್ಯಾಲಿಫೋರ್ನಿಯದ ಓಕ್‌ಲೆಂಡಿನಲ್ಲಿ. 1956ರಲ್ಲಿ ಸಿನ್ಸಿನಾಟಿ ತಂಡವು 4,000 ಡಾಲರ್ ಸಂಬಳಕ್ಕೆ ಅವನನ್ನು ಸೇರಿಸಿಕೊಂಡು, ಪಳಗಲೆಂದು ದಕ್ಷಿಣದ ಕಿರಿಯ ತಂಡಕ್ಕೆ ಕಳುಹಿಸಿತು. ವರ್ಣಭೇದ ಅಲ್ಲಿ ಕಾನೂನಿನಂತೆ ಆಳುತ್ತಿದ್ದ ಕಾಲವದು. ಬಿಳಿಯ ಜೊತೆಗಾರರು ಹೋಟೆಲಿನಲ್ಲಿ ಕುಳಿತು ಉಣ್ಣುವಾಗ ಈ ಕಪ್ಪು ಹುಡುಗನಿಗೆ ಅವರ ಪಂಕ್ತಿಯಲ್ಲಿ ಜಾಗವಿರಲಿಲ್ಲ. ಎರಡು ಪಂದ್ಯಗಳ ನಡುವೆ ಒಮ್ಮೆ ಬೆವರಿದ ಉಡುಪನ್ನು ಎಲ್ಲರ ಬಟ್ಟೆಗಳ ಜೊತೆ ಹಾಕಿದಾಗ, ಸಾಮಾನು ನೋಡಿಕೊಳ್ಳುವವನು ಅದನ್ನು ಕೋಲಿನಿಂದ ಎತ್ತಿ ಬೇರೆ ಇಟ್ಟನಂತೆ. ಈ ಪ್ರಸಂಗವನ್ನು ಫ್ಲಡ್ ಮುಂದೆ ತಾನೇ ಹೇಳಿಕೊಂಡಿದ್ದಾನೆ. ಅಂದಿನ ಕಹಿ ಅವನ ಮನಸ್ಸಿನಿಂದ ಆರಲಿಲ್ಲ.

1957ರ ಕೊನೆಯಲ್ಲಿ ಸಿನ್ಸಿನಾಟಿಯವರು ಅವನನ್ನು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡಕ್ಕೆ ಸಾಗಹಾಕಿದರು. ಅಲ್ಲಿ ಹನ್ನೆರಡು ವರ್ಷ ಆಡಿದನು. ಆಳು ಗಿಡ್ಡ, ಮೈಕಟ್ಟು ಹಗುರ. ಆದರೆ ಕಣ್ಣೂ ಕಾಲೂ ಅಸಾಧಾರಣ. ರಕ್ಷಣೆಯ ನೈಪುಣ್ಯಕ್ಕೆಂದು ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿ 1963ರಿಂದ 1969ರವರೆಗೆ ಏಳು ವರ್ಷ ಎಡೆಬಿಡದೆ ಅವನ ಪಾಲಿಗೇ ಬಂದಿತು. 1966ರ ಇಡೀ ಋತುವಿನಲ್ಲಿ ಅವನಿಂದ ಒಂದೇ ಒಂದು ತಪ್ಪೂ ಆಗಲಿಲ್ಲ. 1964 ಮತ್ತು 1967ರಲ್ಲಿ ಅವನ ತಂಡ ವರ್ಲ್ಡ್ ಸೀರೀಸ್ ಗೆದ್ದಿತು.

ಎಡವದವರು ಯಾರು? 1968ರ ವರ್ಲ್ಡ್ ಸೀರೀಸಿನ ಏಳನೆಯ, ನಿರ್ಣಾಯಕ ಪಂದ್ಯದಲ್ಲಿ ಡೆಟ್ರಾಯ್ಟ್ ತಂಡದವನೊಬ್ಬ ಹೊಡೆದ ಚೆಂಡಿನ ದೂರವನ್ನು ಫ್ಲಡ್ ತಪ್ಪಾಗಿ ಅಳೆದನು. ಮುಂದೆ ಹೆಜ್ಜೆಯಿಟ್ಟು ಹಿಂದಿರುಗುವಷ್ಟರಲ್ಲಿ ಚೆಂಡು ತಲೆಯ ಮೇಲಿಂದ ಸಾಗಿತ್ತು. ಪಂದ್ಯವೂ ಪದವಿಯೂ ಕೈಬಿಟ್ಟವು. ಮರುವರ್ಷ, 1969ರ ಅಕ್ಟೋಬರಿನಲ್ಲಿ, ಫಿಲಡೆಲ್ಫಿಯ ತಂಡಕ್ಕೆ ಅವನನ್ನು ವಿನಿಮಯ ಮಾಡಲಾಗಿದೆಯೆಂಬ ಸುದ್ದಿ ಫೋನಿನಲ್ಲಿ ಬಂದಿತು. ಹನ್ನೆರಡು ವರ್ಷಗಳ ಸೇವೆಗೆ ದೊರೆತ ಬೀಳ್ಕೊಡುಗೆ ಅಷ್ಟೆ.

ಇದು ಹೇಗೆ ಸಾಧ್ಯವಾಯಿತು? ಪ್ರತಿ ಆಟಗಾರನ ಕರಾರಿನಲ್ಲಿಯೂ ಒಂದು ಷರತ್ತು ಇರುತ್ತಿತ್ತು. ಅವಧಿ ಮುಗಿದ ಮೇಲೂ ಅವನ ಮೇಲಿನ ಹಕ್ಕು ತಂಡದ ಒಡೆಯರಿಗೇ ಸೇರಿದ್ದು. ಅವರು ಇಟ್ಟುಕೊಂಡರೆ ಇರಬೇಕು, ಕಳುಹಿಸಿದರೆ ಹೋಗಬೇಕು. ಒಲ್ಲೆನೆಂದರೆ ಆಟವನ್ನೇ ಬಿಡಬೇಕು. ವ್ಯಾಪಾರದ ಏಕಸ್ವಾಮ್ಯವನ್ನು ತಡೆಯುವ ಕಾನೂನು ಬೇಸ್‌ಬಾಲಿಗೆ ಅನ್ವಯಿಸದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1922ರಲ್ಲಿ ಹೇಳಿತ್ತು. 1953ರಲ್ಲಿ ಅದನ್ನೇ ಮತ್ತೆ ಎತ್ತಿಹಿಡಿದಿತ್ತು.

ಫಿಲಡೆಲ್ಫಿಯದವರು ಕೊಡಲು ಬಂದದ್ದು ಹೆಚ್ಚಿನ ಸಂಬಳವನ್ನೇ. ಪ್ರಶ್ನೆ ಹಣದ್ದಾಗಿರಲಿಲ್ಲ. ಆಟಗಾರರ ಸಂಘದ ಮುಖ್ಯಸ್ಥ ಮಾರ್ವಿನ್ ಮಿಲ್ಲರ್ ಎಚ್ಚರಿಕೆ ಕೊಟ್ಟನು: ಗೆಲ್ಲುವ ಸಂಭವ ಕಡಮೆ, ಗೆದ್ದರೂ ಅದರ ಲಾಭ ನಿನಗೆ ದೊರೆಯದು. ಉಳಿದ ಆಟಗಾರರಿಗೆ ಒಳಿತಾದೀತೇ ಎಂದು ಫ್ಲಡ್ ಕೇಳಿದನು. ಆದೀತೆಂದು ಉತ್ತರ ಬಂದಿತು. ಅಷ್ಟು ಸಾಕೆಂದನು.

1969ರ ಡಿಸೆಂಬರ್ 24ರಂದು ಬೇಸ್‌ಬಾಲಿನ ಕಮಿಷನರ್ ಬೋವಿ ಕೂನ್‌ಗೆ ಪತ್ರ ಹೋಯಿತು. ಬೇರೆ ತಂಡಗಳ ಆಹ್ವಾನಗಳನ್ನೂ ಪರಿಶೀಲಿಸುವ ಹಕ್ಕು ತನಗಿದೆಯೆಂದು ಫ್ಲಡ್ ಅದರಲ್ಲಿ ತಿಳಿಸಿದ್ದನು. ಕೂನ್ ಒಪ್ಪಲಿಲ್ಲ. ಜನವರಿಯಲ್ಲಿ ದಾವೆ ಹೂಡಲಾಯಿತು. ವಕೀಲನಾಗಿ ನಿಂತವನು ಸರ್ವೋಚ್ಚ ನ್ಯಾಯಾಲಯದ ಮಾಜಿ ನ್ಯಾಯಮೂರ್ತಿ ಆರ್ಥರ್ ಗೋಲ್ಡ್‌ಬರ್ಗ್. ಇಷ್ಟೊಂದು ಸಂಬಳ ಪಡೆಯುವವನು ಗುಲಾಮನೇ ಎಂದು ಮೂದಲಿಸಿದವರು ಬಹಳ; ಸಂಬಳ ಹೆಚ್ಚಿದ ಮಾತ್ರಕ್ಕೆ ಗುಲಾಮಗಿರಿ ತೊಲಗದೆಂದು ಆತ ಉತ್ತರ ಕೊಟ್ಟನು. ಬೇಸ್‌ಬಾಲಿನಲ್ಲಿ ವರ್ಣದ ಗೋಡೆಯನ್ನು ಒಡೆದಿದ್ದ ಜ್ಯಾಕಿ ರಾಬಿನ್ಸನ್ ಬಂದು ಅವನ ಪರ ಸಾಕ್ಷಿ ನುಡಿದನು. ಆದರೆ ಅಂದು ಆಡುತ್ತಿದ್ದವರಲ್ಲಿ ಒಬ್ಬನೂ ಸಾಕ್ಷಿಗೆ ಬರಲಿಲ್ಲ. ಹೊಟ್ಟೆಪಾಡಿನ ಭಯವೆಂದರೆ ಅಂಥದು.

1970ರ ಋತುವೆಲ್ಲ ಆಟವಿಲ್ಲದೆ ಕಳೆಯಿತು. 1971ರಲ್ಲಿ ವಾಷಿಂಗ್ಟನ್ ತಂಡಕ್ಕಾಗಿ ಹದಿಮೂರು ಪಂದ್ಯಗಳನ್ನಾಡಿದನು. ಓಟದ ವೇಗ ಕುಗ್ಗಿತ್ತು, ಮನಸ್ಸು ಮುರಿದಿತ್ತು. ಏಪ್ರಿಲ್ ಕೊನೆಯಲ್ಲಿ ಎಲ್ಲವನ್ನೂ ಬಿಟ್ಟು ದೇಶಾಂತರ ಹೊರಟನು. 1972ರ ಜೂನ್ 19ರಂದು ಸರ್ವೋಚ್ಚ ನ್ಯಾಯಾಲಯ ಐದಕ್ಕೆ ಮೂರು ಮತಗಳಿಂದ ಅವನ ವಿರುದ್ಧ ತೀರ್ಪಿತ್ತಿತು. ಬೇಸ್‌ಬಾಲಿಗೆ ದೊರೆತ ವಿನಾಯಿತಿ ಅಸಂಗತವೆಂದು ಬಹುಮತದ ತೀರ್ಪೇ ಒಪ್ಪಿಕೊಂಡಿತು. ಆದರೆ ಅದನ್ನು ಸರಿಪಡಿಸುವ ಕೆಲಸ ಶಾಸನಸಭೆಯದೆಂದು ಕೈತೊಳೆದುಕೊಂಡಿತು.

ಆದರೂ ಗೋಡೆ ಬಿರುಕು ಬಿಟ್ಟಿತ್ತು. ಹತ್ತು ವರ್ಷ ಆಡಿ, ಕೊನೆಯ ಐದನ್ನು ಒಂದೇ ತಂಡದಲ್ಲಿ ಕಳೆದವನನ್ನು ಅವನ ಒಪ್ಪಿಗೆಯಿಲ್ಲದೆ ಕಳುಹಿಸಬಾರದೆಂಬ ನಿಯಮ 1973ರಲ್ಲಿ ಬಂದಿತು. ಅದು ನಾಲ್ಕು ವರ್ಷ ಮೊದಲೇ ಇದ್ದಿದ್ದರೆ ಫ್ಲಡ್ ಸೇಂಟ್ ಲೂಯಿಸಿನಲ್ಲಿಯೇ ಉಳಿಯಬಹುದಾಗಿತ್ತು. 1975ರ ಡಿಸೆಂಬರಿನಲ್ಲಿ ಮಧ್ಯಸ್ಥ ಪೀಟರ್ ಸೈಟ್ಸ್, ಆ್ಯಂಡಿ ಮೆಸರ್‌ಸ್ಮಿತ್ ಮತ್ತು ಡೇವ್ ಮ್ಯಾಕ್‌ನ್ಯಾಲಿ ಎಂಬಿಬ್ಬರು ಆಟಗಾರರು ಸ್ವತಂತ್ರರೆಂದು ತೀರ್ಮಾನಿಸಿದನು. ಹಳೆಯ ಷರತ್ತಿನ ಬಲ ಉಡುಗಿತು. ಆಟಗಾರರ ಸಂಬಳ ಗಗನಕ್ಕೇರಿತು.

ಆ ಐಶ್ವರ್ಯದಲ್ಲಿ ಫ್ಲಡ್‌ಗೆ ಪಾಲಿರಲಿಲ್ಲ. ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಕೆಲಕಾಲ ಕಳೆದು ಓಕ್‌ಲೆಂಡಿಗೆ ಮರಳಿದನು. ಕುಡಿತ ಅವನನ್ನು ಬಹುಕಾಲ ಕಾಡಿತು. ಹೋರಾಡಿ ಅದರಿಂದಲೂ ಬಿಡಿಸಿಕೊಂಡನು. 1997ರ ಜನವರಿ 20ರಂದು, ಐವತ್ತೊಂಬತ್ತು ತುಂಬಿದ ಎರಡನೆಯ ದಿನ, ಗಂಟಲಿನ ಕ್ಯಾನ್ಸರಿನಿಂದ ಬಳಲಿ ಲಾಸ್ ಏಂಜಲಿಸ್‌ನಲ್ಲಿ ತೀರಿಕೊಂಡನು. ನ್ಯಾಯಾಲಯ ಶಾಸನಸಭೆಗೆ ಬಿಟ್ಟಿದ್ದ ಕೆಲಸ 1998ರ ಅಕ್ಟೋಬರಿನಲ್ಲಿ ನಡೆಯಿತು: ಅಧ್ಯಕ್ಷ ಕ್ಲಿಂಟನ್ ಅಂಕಿತ ಹಾಕಿದ ಆ ಕಾನೂನು ದೊಡ್ಡ ತಂಡಗಳ ಆಟಗಾರರಿಗೆ ಏಕಸ್ವಾಮ್ಯ ವಿರೋಧದ ರಕ್ಷಣೆಯನ್ನು ನೀಡಿತು. ಅದರ ಹೆಸರು ಕರ್ಟ್ ಫ್ಲಡ್ ಕಾಯಿದೆ.

ಮರ ನೆಟ್ಟವನೇ ಹಣ್ಣು ತಿನ್ನಬೇಕೆಂಬ ನಿಯಮವಿಲ್ಲ. ಹಣ್ಣು ತಿನ್ನುವವರು ನೆಟ್ಟವನ ಹೆಸರನ್ನಾದರೂ ನೆನೆದರೆ ಋಣ ಸ್ವಲ್ಪ ಹಗುರವಾದೀತು.