ಇಪ್ಪತ್ತು ವರ್ಷ ಕಾದ ಕನ್ನಡಿ

ಮ್ಯಾನ್‌ಹಾಟನ್ನಿನ ಬ್ರಾಡ್‌ವೇನಲ್ಲಿರೋ ಬರ್ನಾರ್ಡ್ ಕಾಲೇಜಿನ ಹತ್ತಿರ ನಿಂತು ರಾತ್ರಿ ತಲೆಯೆತ್ತಿದರೆ ಹತ್ತು ನಕ್ಷತ್ರ ಎಣಿಸೋದೂ ಕಷ್ಟ. ಹಡ್ಸನ್ ದಾಟಿ ನಮ್ಮ ನ್ಯೂಜೆರ್ಸಿಗೆ ಬಂದರೂ ಅದೇ ಕಥೆ. ಅಂಥಾ ಕಡೆ ಪಾಠ ಹೇಳ್ಕೊಂಡೇ ಆಕಾಶದ ಅತಿ ಶಕ್ತಿಯ ಬೆಳಕಿನ ಬೆನ್ನು ಹತ್ತಿದವರು ಭೌತವಿಜ್ಞಾನಿ ರೇಷ್ಮಿ ಮುಖರ್ಜಿ.

ಅವರು ಹುಡುಕೋದು ಗಾಮಾ ಕಿರಣಗಳನ್ನ. ಯಾಕೆ ಅವೇ ಬೇಕು ಅಂತೀರಾ? ವಿಕ್ಟರ್ ಹೆಸ್ 1912ರಲ್ಲಿ ಬಲೂನು ಏರಿ ಕಾಸ್ಮಿಕ್ ಕಿರಣಗಳನ್ನ ಕಂಡುಹಿಡಿದ ಲಾಗಾಯ್ತಿನಿಂದ, ಅವು ಹುಟ್ಟೋದೆಲ್ಲಿ ಅನ್ನೋ ಪ್ರಶ್ನೆ ಪೂರ್ತಿ ಬಗೆಹರಿದಿಲ್ಲ. ಅವುಗಳಿಗೆ ವಿದ್ಯುದಾವೇಶ ಇರೋದರಿಂದ ಕಾಂತಕ್ಷೇತ್ರಗಳು ದಾರಿಯುದ್ದಕ್ಕೂ ತಿರುಗಿಸಿಬಿಡುತ್ತವೆ. ಕಳಿಸಿದವರ ವಿಳಾಸ ಅಳಿಸಿಹೋದ ಇನ್‌ಲ್ಯಾಂಡ್ ಲೆಟರ್ ಥರ. ಗಾಮಾ ಕಿರಣಕ್ಕೆ ಆವೇಶವಿಲ್ಲ, ನೆಟ್ಟಗೆ ಬರುತ್ತೆ, ಹುಟ್ಟಿದೂರು ಹೇಳುತ್ತೆ.

ಆದ್ರೆ ಅದು ನೆಲ ಮುಟ್ಟೋಲ್ಲ! ವಾತಾವರಣಕ್ಕೆ ಬಡಿದು ಕಣಗಳ ಮಳೆಯಾಗುತ್ತೆ. ಗಾಳಿಯಲ್ಲಿ ಬೆಳಕಿಗಿರೋ ವೇಗವನ್ನೂ ಮೀರಿ ಓಡೋ ಆ ಕಣಗಳು ನೀಲಿ ಮಿಂಚೊಂದನ್ನ ಚೆಲ್ಲುತ್ತವೆ. ಚೆರೆಂಕೊವ್ ಬೆಳಕು ಅಂದ್ರೆ ಇದೇ. ಸೆಕೆಂಡನ್ನ ನೂರು ಕೋಟಿ ಪಾಲು ಮಾಡಿದರೆ, ಅಂಥ ಕೆಲವೇ ಪಾಲುಗಳಲ್ಲಿ ಅದರ ಆಟ ಮುಗೀತು. ಅದನ್ನ ಹಿಡಿಯೋಕೆ ಅರಿಜೋನಾದ ವಿಪಲ್ ವೀಕ್ಷಣಾಲಯದಲ್ಲಿ 12 ಮೀಟರ್ ಅಗಲದ ನಾಲ್ಕು ದೂರದರ್ಶಕಗಳು 2007ರಲ್ಲಿ ಕಣ್ಣು ತೆರೆದವು. ವೆರಿಟಾಸ್ ಅನ್ನೋ ಈ ಯೋಜನೆಯ ಮುಂದಾಳುಗಳಲ್ಲಿ ಮುಖರ್ಜಿ ಒಬ್ಬರು.

ನನಗೆ ಹಿಡಿಸಿದ್ದು ಅದಕ್ಕೂ ಹಿಂದಿನ ಕಥೆ. ಅದೇ ವೀಕ್ಷಣಾಲಯದಲ್ಲಿ 10 ಮೀಟರಿನ ಕನ್ನಡಿ ನಿಂತಿದ್ದು 1968ರಲ್ಲಿ. ಏಡಿ ನೀಹಾರಿಕೆಯಿಂದ ಗಾಮಾ ಕಿರಣ ಬರ್ತಿರೋದು ನಿಜ ಅಂತ ಟ್ರೆವರ್ ವೀಕ್ಸ್ ತಂಡ ಖಚಿತವಾಗಿ ಹೇಳಿದ್ದು 1989ರಲ್ಲಿ. ಇಪ್ಪತ್ತೊಂದು ವರ್ಷ! ಮೂರು ತಿಂಗಳಿಗೊಮ್ಮೆ ಲಾಭ-ನಷ್ಟ ಒಪ್ಪಿಸೋ ನಮ್ಮಂಥ ಆಫೀಸುಗಳಲ್ಲಿ ಇಂಥಾ ಪ್ರಾಜೆಕ್ಟು ಎಷ್ಟು ದಿನ ಬದುಕ್ತಿತ್ತು, ಹೇಳಿ?

ನಮ್ಮ ಕಡೆಯೂ ಹೀಗೆ ಕಾದವರಿದ್ದರು. ನಂಜನಗೂಡಿನ ಕಡೆಯವರಾದ ಬಿ.ವಿ. ಶ್ರೀಕಂಠನ್ ಕಾಸ್ಮಿಕ್ ಕಿರಣ ಅಳೆಯೋಕೆ ಕೋಲಾರದ ಚಿನ್ನದ ಗಣಿಯ ಆಳಕ್ಕೆ ಇಳಿದರು. ಅದೇ ಗಣಿಯಲ್ಲಿ 1965ರಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಸುಳಿವು ಸಿಕ್ತು. ಮುಂದೆ ಶ್ರೀಕಂಠನ್ ನಿರ್ದೇಶಕರಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಊಟಿಯಲ್ಲಿ ಇದೇ ನೀಲಿ ಮಿಂಚಿಗೆ ಬಲೆ ಬೀಸಿದರು.

2001ರಲ್ಲಿ ಗಣಿಗೆ ಬೀಗ ಬಿತ್ತು. ಚಿನ್ನದ ಲೆಕ್ಕಕ್ಕೆ ಅದು ಸರಿಯೇ ಇರಬಹುದು. ಆದರೆ ಅಷ್ಟು ಆಳದ ಮೌನ ದುಡ್ಡು ಕೊಟ್ಟರೂ ಮತ್ತೆ ಸುಲಭಕ್ಕೆ ಸಿಗೋದಲ್ಲ. 'ಇದರಿಂದೇನು ಉಪಯೋಗ?' ಅಂತ ಕೇಳೋದು ತಪ್ಪಲ್ಲ ಬಿಡಿ. ಉತ್ತರ ಬರೋ ತನಕ ಬಾಗಿಲು ಮುಚ್ಚದೆ ಇದ್ದರೆ ಸಾಕು.